ಕೂಸಿಗಿಂತ ಮುಂಚೆ ಕುಲಾವಿ

ನಮ್ಮ ಹೋಟೆಲಿಗೆ ಹೊಸ ಮ್ಯಾನೇಜರ್ ಬರುತ್ತಾರೆ ಎನ್ನುವುದು ಎಲ್ಲರಿಗಿಂತ ಮೊದಲು ಗೊತ್ತಾಗುವುದು ನನಗೆ. ಎಷ್ಟೋ ಸಲ ಆ ಹೊಸ ಮ್ಯಾನೇಜರಿಗೇ ನನ್ನ ನಂತರ ಗೊತ್ತಾಗುತ್ತದೆ. ಹಾಗಂತ ನಾನು ದೊಡ್ಡ ಮನುಷ್ಯನೇನಲ್ಲ, ಈ ಹೋಟೆಲಿನ ದರ್ಜಿ. ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳಿಗೂ ಬಾಯ್ಲರಿಗೂ ನಡುವೆ, ಕಿಟಕಿಯಿಲ್ಲದ ಕೋಣೆಯೊಂದರಲ್ಲಿ ಇಪ್ಪತ್ತೇಳು ವರ್ಷದಿಂದ ಮೆಷಿನ್ ತುಳಿಯುತ್ತಿದ್ದೇನೆ. ಬೇಸಿಗೆಯಲ್ಲಿ ಅಲ್ಲಿಗೆ ಯಾರೂ ಬರುವುದಿಲ್ಲ. ಚಳಿಗಾಲದಲ್ಲಿ ಎಲ್ಲರಿಗೂ ನನ್ನ ಮೇಲೆ ಎಲ್ಲಿಲ್ಲದ ಪ್ರೀತಿ.

ಕಂಪನಿಗೆ ಇಂಥ ಹನ್ನೊಂದು ಹೋಟೆಲುಗಳಿವೆ. ಒಂದೊಂದಕ್ಕೂ ಒಂದೊಂದು ಬಣ್ಣ. ನಮ್ಮದು ಕಡು ಹಸಿರು. ಮ್ಯಾನೇಜರ್ ಆದವರು ಆಯಾ ಹೋಟೆಲಿನ ಬಣ್ಣದ ಕೋಟು ಹಾಕಲೇಬೇಕು. ಕಂಪನಿ ಕಟ್ಟಿದ ಹಿರಿಯ ಯಜಮಾನರ ಕಾಲದಲ್ಲಿ, ಹೊಸದಾಗಿ ಬಂದ ಮ್ಯಾನೇಜರೊಬ್ಬರನ್ನು ಬಾಗಿಲು ಕಾಯುವವನು ತರಕಾರಿ ತಂದವನು ಅಂದುಕೊಂಡು ಹಿಂಬಾಗಿಲಿಗೆ ಅಟ್ಟಿದನಂತೆ. ಅಲ್ಲಿ ಅವರಿಂದ ಎರಡು ಮೂಟೆ ಆಲೂಗಡ್ಡೆ ಹೊರಿಸಿದರಂತೆ. ಅಂದಿನಿಂದ ನಿಯಮವಾಯಿತು: ಕೋಟಿಲ್ಲದ ಮ್ಯಾನೇಜರ್ ಹೋಟೆಲಿನಲ್ಲಿ ಒಂದು ಗಂಟೆಯೂ ಇರಕೂಡದು. ಬಂದ ದಿನವೇ ಹಾಕಿಕೊಳ್ಳಬೇಕಾದರೆ ಬರುವ ಮುಂಚೆಯೇ ಹೊಲಿದಿರಬೇಕು. ಹಾಗಾಗಿ ಮುಖ್ಯ ಕಚೇರಿಯಿಂದ ಅಳತೆಯ ಚೀಟಿ ಮೊದಲು ಬರುತ್ತದೆ, ನೇಮಕದ ಆರ್ಡರ್ ಒಂಬತ್ತು ಹತ್ತು ದಿನ ಬಿಟ್ಟು ಬರುತ್ತದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬೇಡಿ ಅಂತ ಲೋಕಕ್ಕೆಲ್ಲ ಗಾದೆ. ನಮ್ಮಲ್ಲಿ ಹೊಲಿಸುವುದೇ ಕಾನೂನು.

ಚೀಟಿಯಲ್ಲಿ ಹೆಸರಿರುವುದಿಲ್ಲ. ಮುಂಚೆಯೇ ಹೆಸರು ಗೊತ್ತಾದರೆ ಜನ ಹೋಗಿ ಯಜಮಾನರ ಕಾಲು ಹಿಡಿಯುತ್ತಾರೆ ಅಂತ. ಎದೆ, ಸೊಂಟ, ಭುಜ, ತೋಳು, ಉದ್ದ, ಇಷ್ಟೇ. ಗಂಡೋ ಹೆಣ್ಣೋ ಅಂತ ಕೂಡ ಇರುವುದಿಲ್ಲ. ಅದನ್ನು ಬರೆಯುವ ಅಗತ್ಯ ಹನ್ನೊಂದು ಹೋಟೆಲುಗಳ ಚರಿತ್ರೆಯಲ್ಲಿ ಒಮ್ಮೆಯೂ ಬಂದಿರಲಿಲ್ಲ.

ಈ ಕಥೆ ನಡೆಯುವ ಹೊತ್ತಿಗೆ ನಾನು ಹೊಲಿದದ್ದು ಹತ್ತೊಂಬತ್ತು ಕೋಟು. ಅಂದರೆ ಹತ್ತೊಂಬತ್ತು ಮ್ಯಾನೇಜರುಗಳು. ನಮ್ಮ ಕಂಪನಿಯಲ್ಲಿ ಮ್ಯಾನೇಜರ್ ಬೇರೂರಬಾರದು ಎನ್ನುವುದು ಇನ್ನೊಂದು ನಿಯಮ. ಹೋಟೆಲನ್ನು ಚೆನ್ನಾಗಿ ನಡೆಸಿದವನನ್ನು, ಕೆಟ್ಟು ಕೂತ ಹೋಟೆಲನ್ನು ಎತ್ತಲೆಂದು ವರ್ಗ ಮಾಡುತ್ತಾರೆ. ಕೆಡಿಸಿದವನನ್ನು, ಇನ್ನು ಕೆಡಿಸಲಾಗದಂಥ ಹೋಟೆಲಿಗೆ ವರ್ಗ ಮಾಡುತ್ತಾರೆ. ಎರಡೂ ಮಾಡದೆ ಸುಮ್ಮನೆ ಕೂತವನಿಗೆ ಬಡ್ತಿ ಕೊಟ್ಟು ಮುಖ್ಯ ಕಚೇರಿಗೆ ಕರೆಸಿಕೊಳ್ಳುತ್ತಾರೆ. ಒಬ್ಬರು ಲಾಬಿಯ ಗಾಜಿನ ತೊಟ್ಟಿಯ ಮೀನು ಸತ್ತಿದ್ದಕ್ಕೆ ಹೋದರು. ಅವರ ನಂತರ ಬಂದವರು ಮೀನುಗಳಿಗೆ ಎರಡು ಪಟ್ಟು ಊಟ ಹಾಕಿಸಿದರು, ಅವೂ ಸತ್ತವು, ಆದರೆ ಅವರು ಯಜಮಾನರ ಬೀಗರ ಕಡೆಯವರಾದ್ದರಿಂದ ಮೀನಿನ ತಳಿ ಸರಿಯಿಲ್ಲ ಅಂತ ತೀರ್ಮಾನವಾಯಿತು.

ಚೀಟಿ ಬಂದ ದಿನ ನನ್ನ ಕೋಣೆಗೆ ಜಾತ್ರೆಯ ಕಳೆ. ಬಾಣಸಿಗರ ಮೇಸ್ತ್ರಿ ಅಂತೂ ದಾರದ ನೆಪ, ಗುಂಡಿಯ ನೆಪ ಮಾಡಿಕೊಂಡು ದಿನಕ್ಕೆ ನಾಲ್ಕು ಸಲ ಇಳಿದು ಬರುತ್ತಾನೆ. "ಎದೆ ಎಷ್ಟಪ್ಪಾ ಬಂತು? ನಲವತ್ತೆರಡರ ಮೇಲೋ ಕೆಳಗೋ, ಅಷ್ಟು ಹೇಳು ಸಾಕು." ಹನ್ನೊಂದು ಹೋಟೆಲುಗಳ ದೊಡ್ಡವರೆಲ್ಲರ ಹೊಟ್ಟೆಯ ಸುತ್ತಳತೆ ಅವನಿಗೆ ಬಾಯಿಪಾಠ. ಅದರಲ್ಲಿ ಅರ್ಧ ಅವನ ಕೈಯಡುಗೆಯ ಸಾಧನೆಯೇ ಬಿಡಿ. ಆದರೆ ಇಪ್ಪತ್ತೇಳು ವರ್ಷದಲ್ಲಿ ನಾನು ಯಾರಿಗೂ ಬಾಯಿ ಬಿಟ್ಟವನಲ್ಲ. ಹೆಂಡತಿಗೂ ಹೇಳಿದವನಲ್ಲ, ಅವಳು ಕೇಳಿದವಳೂ ಅಲ್ಲ.

ನನ್ನ ಹೆಂಡತಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಈ ಕಥೆ ಅವಳದ್ದು. ಅವಳು ಇದೇ ಹೋಟೆಲಿಗೆ ಕೋಣೆ ಗುಡಿಸುವವಳಾಗಿ ಬಂದವಳು, ಮೂವತ್ತೊಂದು ವರ್ಷದ ಕೆಳಗೆ. ಆಮೇಲೆ ಒಂದು ಮಹಡಿಗೆ ಮೇಲ್ವಿಚಾರಕಿ, ಆಮೇಲೆ ಇಡೀ ಹೋಟೆಲಿನ ಕೋಣೆಗಳಿಗೆಲ್ಲ ಮುಖ್ಯಸ್ಥೆ. ನೂರಾ ಹನ್ನೆರಡು ಕೋಣೆಗಳಲ್ಲಿ ಯಾವುದರ ನಲ್ಲಿ ಎಷ್ಟು ಸಲ ತಿರುಗಿಸಿದರೆ ನಿಲ್ಲುತ್ತದೆ ಅಂತ ಅವಳಿಗೆ ಗೊತ್ತು. ಕಳೆದ ಮ್ಯಾನೇಜರ್ ಒಂದು ಬೆಳಿಗ್ಗೆ ಎದ್ದು ಮುಖ್ಯ ಕಚೇರಿಗೆ ಸಲಹೆಗಾರರಾಗಿ ಹೋದಾಗ, ಹೊಸಬರು ಬರುವವರೆಗೆ ಎರಡು ವಾರ ನೋಡಿಕೊಳ್ಳಮ್ಮ ಅಂತ ಇವಳಿಗೆ ವಹಿಸಿದರು. ಆ ಎರಡು ವಾರ ಹದಿನಾಲ್ಕು ತಿಂಗಳಾಯಿತು.

ಪ್ರಭಾರಿ ಮ್ಯಾನೇಜರ್ ಎನ್ನುವುದು ಎಂಥ ಹುದ್ದೆ ಅಂದರೆ, ಬೈಗುಳ ಪೂರ್ತಿ, ಅಧಿಕಾರ ಅರ್ಧ. ಕೋಟು ಇಲ್ಲ. ಮ್ಯಾನೇಜರರ ಕುರ್ಚಿಯಲ್ಲಿ ಕೂರಬಹುದು, ಆದರೆ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸುವಂತಿಲ್ಲ. ಇದ್ದದ್ದನ್ನು ಇದ್ದ ಹಾಗೆ ಕಾಯಬೇಕು. ಸ್ವಾಗತ ಕಟ್ಟೆಯ ಹಿಂದೆ ನಿಲ್ಲುವ ಹುಡುಗಿಯರು ದಿನಕ್ಕೆ ಎಂಟು ಗಂಟೆ ನಿಂತೇ ಇರಬೇಕು, ಅತಿಥಿಯ ಮುಂದೆ ಕೂರಬಾರದು ಅಂತ ಹಳೆಯ ನಿಯಮ. ಒಬ್ಬಳಿಗೆ ಕಾಲಿನ ನರ ಉಬ್ಬಿ ನೀಲಿಗಟ್ಟಿತ್ತು. ಅವರಿಗೆ ಎತ್ತರದ ಸ್ಟೂಲು ಕೊಡಿ ಅಂತ ನನ್ನ ಹೆಂಡತಿ ಮುಖ್ಯ ಕಚೇರಿಗೆ ಹನ್ನೊಂದು ಪತ್ರ ಬರೆದಳು. ಹನ್ನೊಂದಕ್ಕೂ ಒಂದೇ ಉತ್ತರ: "ಪ್ರಭಾರಿಗಳು ಯಾವುದೇ ಬದಲಾವಣೆ ಮಾಡುವಂತಿಲ್ಲ."

ಅವಳು ಸಹಿ ಹಾಕುವ ಪ್ರತಿ ಕಾಗದದಲ್ಲೂ ಹೆಸರಿನ ಕೆಳಗೆ 'ಪ್ರಭಾರಿ ಮ್ಯಾನೇಜರ್' ಅಂತ ಅಚ್ಚಾಗಿರುತ್ತಿತ್ತು. ಹದಿನಾಲ್ಕು ತಿಂಗಳು ಹೋಟೆಲು ತುಂಬಿ ತುಳುಕಿತು. ಮೀನುಗಳು ಕೂಡ ಮರಿ ಹಾಕಿದವು. ಆದರೂ ಅವಳಿಗೆ ಹುದ್ದೆ ಖಾಯಂ ಆಗುವ ಮಾತೇ ಇಲ್ಲ. ಅವಳೂ ಕೇಳಲಿಲ್ಲ. ನನಗೆ ಮಾತ್ರ ಒಳಗೊಳಗೇ ಕುದಿಯುತ್ತಿತ್ತು, ಏಕೆಂದರೆ ಕಂಪನಿಯಲ್ಲಿ ಐವತ್ತೈದು ತುಂಬಿದವರನ್ನು ಹೊಸದಾಗಿ ಮ್ಯಾನೇಜರ್ ಮಾಡುವುದಿಲ್ಲ. ಅವಳಿಗೆ ಐವತ್ತೈದು ತುಂಬುವುದು ಆ ತಿಂಗಳ ಮೂವತ್ತಕ್ಕೆ. ಅಷ್ಟರೊಳಗೆ ಆದರೆ ಆಯಿತು, ಇಲ್ಲದಿದ್ದರೆ ಈ ಜನ್ಮಕ್ಕಿಲ್ಲ.

ಒಂಬತ್ತನೇ ತಾರೀಕು ಚೀಟಿ ಬಂತು.

ಎದೆ ಮೂವತ್ತಾರು. ಸೊಂಟ ಮೂವತ್ತೆರಡು. ಭುಜ ಹದಿನೈದು. ತೋಳು ಇಪ್ಪತ್ತೆರಡು. ನಾನು ಚೀಟಿ ಹಿಡಿದು ಹಾಗೇ ಕೂತೆ. ಇಪ್ಪತ್ತೆಂಟು ವರ್ಷದಿಂದ ಅವಳ ಬಟ್ಟೆಯನ್ನೆಲ್ಲ ಹೊಲಿದವನು ನಾನು, ಟೇಪು ಹಿಡಿಯದೆಯೇ ಹೊಲಿಯುತ್ತೇನೆ. ಭುಜ ಹದಿನಾಲ್ಕೂವರೆ ಇದ್ದದ್ದು ಹಾಸಿಗೆ ಎತ್ತಿ ಎತ್ತಿ ಹದಿನೈದಾದದ್ದು ಕೂಡ ನನಗೆ ಗೊತ್ತು. ಹಿಂದಿನ ವರ್ಷವಷ್ಟೇ ಸಮವಸ್ತ್ರದ ಲೆಕ್ಕಕ್ಕೆಂದು ಎಲ್ಲ ನೌಕರರ ಅಳತೆಯನ್ನೂ ಮುಖ್ಯ ಕಚೇರಿ ತರಿಸಿಕೊಂಡಿತ್ತು. ಅಂದ ಮೇಲೆ ಇನ್ನೇನು ಬೇಕು? ಹತ್ತೊಂಬತ್ತು ಮ್ಯಾನೇಜರುಗಳಲ್ಲಿ ಒಬ್ಬನದೂ ನಲವತ್ತಕ್ಕಿಂತ ಕಡಿಮೆ ಎದೆ ಇರಲಿಲ್ಲ. ಇಷ್ಟು ಸಣ್ಣ ಅಳತೆ ಅವಳದಲ್ಲದೆ ಯಾರದು? ಹೀಗೆ ಲೆಕ್ಕ ಹಾಕಿದೆ. ಬೇಕಾದ್ದನ್ನೇ ಓದುವ ಕಣ್ಣಿಗೆ ಕನ್ನಡಕ ಹಾಕಿ ಏನು ಪ್ರಯೋಜನ.

ಸಂಜೆ ಮನೆಯಲ್ಲಿ ಅವಳು ಬಿಸಿನೀರಿನ ಬೋಗುಣಿಯಲ್ಲಿ ಕಾಲಿಟ್ಟುಕೊಂಡು ಕೂತಿದ್ದಳು. ಬಾಯಿ ತಡೆಯಲಿಲ್ಲ, ಹೇಳಿಬಿಟ್ಟೆ.

"ಇವತ್ತು ಚೀಟಿ ಬಂತು ಕಣೇ. ನಿನ್ನ ಅಳತೆ."

"ಸುಮ್ನಿರಿ. ತಮಾಷೆಗೂ ಒಂದು ಮಿತಿ ಇರುತ್ತೆ."

"ಮೆಷಿನ್ ಮೇಲಾಣೆ. ಕೂದಲೆಳೆ ವ್ಯತ್ಯಾಸ ಇಲ್ಲ."

"ಇದನ್ನೆಲ್ಲ ನನಗೆ ಹೇಳ್ಬಾರ್ದು ನೀವು. ತಪ್ಪಲ್ವಾ?" ಅಂದಳು. ಆಮೇಲೆ ಕಾಲನ್ನು ನೀರಿನಿಂದ ತೆಗೆದು ಒರೆಸಿಕೊಂಡಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. ನಾನು ದೀಪ ಹಾಕಲು ಎದ್ದಾಗ ಬೆನ್ನ ಹಿಂದಿನಿಂದ ಕೇಳಿದಳು.

"ತೋಳು ಎಷ್ಟಿತ್ತು?"

"ಇಪ್ಪತ್ತೆರಡು."

ಅವಳು ತನ್ನ ತೋಳು ಚಾಚಿ ನೋಡಿಕೊಂಡಳು. ಆ ಮುಖ ನಾನು ನೋಡಿ ಎಷ್ಟೋ ವರ್ಷವಾಗಿತ್ತು. ಅವತ್ತು ನನಗಾದ ಸಂತೋಷ ನಮ್ಮ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ಅವಳಿಗೆ ಹೇಳಿಲ್ಲ, ನೀವೂ ಹೇಳಬೇಡಿ.

ಮರುದಿನದಿಂದ ಹೊಲಿಗೆ ಹಿಡಿದೆ. ಹತ್ತೊಂಬತ್ತು ಕೋಟನ್ನು ಸಂಬಳಕ್ಕೆ ಹೊಲಿದಿದ್ದೆ, ಇದನ್ನು ಮನಸ್ಸಿಟ್ಟು ಹೊಲಿದೆ. ಹೆಂಗಸರ ಕೋಟು ಹೇಗಿರಬೇಕೋ ಹಾಗೆ. ಎದೆಗೆ ಎರಡೂ ಕಡೆ ಮಡಿಕೆ ಹಿಡಿದು ತುಂಬು ಕೊಟ್ಟೆ, ಸೊಂಟಕ್ಕೆ ತುಸು ಬಳುಕು ಕೊಟ್ಟೆ, ಗುಂಡಿಗಳನ್ನು ಹೆಂಗಸರ ಉಡುಪಿನಂತೆ ಎಡಗಡೆಗೆ ಹಚ್ಚಿದೆ. ಗಂಡಸರಿಗೆ ಬಲಗಡೆ ಇರುತ್ತದೆ, ಗಮನಿಸಿರುತ್ತೀರಿ. ಗೊಂಬೆಗೆ ಹಾಕಿ ದೂರ ನಿಂತು ನೋಡುತ್ತಿದ್ದೆ. ಅದೇ ಹೊತ್ತಿಗೆ ಬಾಣಸಿಗರ ಮೇಸ್ತ್ರಿ ಕಪ್ಪು ದಾರ ಕೇಳಿಕೊಂಡು ಬಂದ.

ಅವನು ಕೋಟು ನೋಡಿದ, ನನ್ನ ಮುಖ ನೋಡಿದ, ಮತ್ತೆ ಕೋಟು ನೋಡಿದ. "ಇದು ಹೆಂಗಸಿನ ಕೋಟು!"

"ಬಟ್ಟೆ ಸ್ವಲ್ಪ ಸಡಿಲ ಇದೆ ಅಷ್ಟೇ."

"ಯಾರ ಕಿವಿಗೆ ಹೂವಿಡ್ತೀಯಾ ಮಾರಾಯಾ? ನನಗೆ ಮೂರು ಹೆಣ್ಣುಮಕ್ಕಳು." ದಾರ ಮರೆತು ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಓಡಿದ. ಊಟದ ಹೊತ್ತಿಗೆ ಇಡೀ ಹೋಟೆಲಿಗೆ ಗೊತ್ತಾಗಿತ್ತು.

ಗಾಳಿ ಬಂದಾಗ ತೂರಿಕೊಳ್ಳುವುದನ್ನು ನಮ್ಮವರಿಂದ ಕಲಿಯಬೇಕು. ಹದಿನಾಲ್ಕು ತಿಂಗಳು ಅವಳನ್ನು 'ಅಕ್ಕಾ' ಅನ್ನುತ್ತಿದ್ದವರು ಒಂದೇ ಮಧ್ಯಾಹ್ನದಲ್ಲಿ 'ಮೇಡಂ' ಅಂದರು. ಬಾಗಿಲು ಕಾಯುವವನು ಹೊಡೆದ ಸಲಾಮಿಗೆ ಅವನ ಟೋಪಿ ಹಾರಿ ಹೋಯಿತು. ಕೆಲಸದವಳಾಗಿ ಬಂದವಳಿಗೆ ಮ್ಯಾನೇಜರ್ ಗತ್ತು ಅಂತ ಕಳೆದ ವಾರವಷ್ಟೇ ಆಡಿಕೊಂಡಿದ್ದವನೊಬ್ಬ, ಕೋಣೆ ಗುಡಿಸಿದವರಿಗೇ ಹೋಟೆಲಿನ ಒಳಮರ್ಮ ಗೊತ್ತಿರೋದು ಅಂತ ಭಾಷಣ ಬಿಗಿದ. ಮೇಸ್ತ್ರಿ, ಇದನ್ನು ಐದು ವರ್ಷ ಮೊದಲೇ ಹೇಳಿದ್ದು ನಾನು ಅಂತ ಸಾರಿಕೊಂಡು ತಿರುಗಿದ. ನನಗೂ ಪಾಲು ಸಿಕ್ಕಿತು. ಬೇಸಿಗೆಯ ಆ ಸೆಕೆಯಲ್ಲಿ, ಮೂರು ವರ್ಷದಿಂದ ಕೇಳುತ್ತಿದ್ದ ಫ್ಯಾನು ಕೇಳದೆಯೇ ಬಂದು ಗೋಡೆಗೆ ಕೂತಿತು.

ಅವಳು ಮಾತ್ರ ಯಾರಿಗೂ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಮೂರನೇ ದಿನ ಬೆಳಿಗ್ಗೆ ಇಬ್ಬರನ್ನು ಕರೆದುಕೊಂಡು ಮೇಲಿನ ಮಹಡಿಗೆ ಹೋದಳು. ಮುಚ್ಚಿದ ಬಾರಿನಲ್ಲಿ ಧೂಳು ತಿನ್ನುತ್ತಿದ್ದ ನಾಲ್ಕು ಎತ್ತರದ ಸ್ಟೂಲುಗಳನ್ನು ಇಳಿಸಿ, ತೊಳೆಸಿ, ಸ್ವಾಗತ ಕಟ್ಟೆಯ ಹಿಂದೆ ಹಾಕಿಸಿದಳು. "ಕೂತ್ಕೊಳ್ರೇ," ಅಂದಳು ಹುಡುಗಿಯರಿಗೆ. ಅವರು ಕೂರಲು ಹೆದರಿದರು. "ಯಾರಾದ್ರೂ ಕೇಳಿದ್ರೆ ನನ್ನ ಹೆಸರು ಹೇಳಿ." ಕಾಲು ನೀಲಿಗಟ್ಟಿದ್ದ ಹುಡುಗಿ ಮೊದಲು ಕೂತಳು. ಬಂದ ಅತಿಥಿಗಳಲ್ಲಿ ಒಬ್ಬನೂ ಇದನ್ನು ಗಮನಿಸಲೇ ಇಲ್ಲ. ಅವರಿಗೆ ಬೇಕಾದದ್ದು ಕೋಣೆಯ ಬೀಗದ ಕೈ.

ನಾನು ಕೇಳಿದೆ, "ಆರ್ಡರ್ ಬರೋವರೆಗೆ ತಡೀಬಹುದಿತ್ತಲ್ಲೇ?"

"ಹದಿನಾಲ್ಕು ತಿಂಗಳು ತಡೆದಿದ್ದೀನಿ. ಆ ಮಗು ಕಾಲು ನೋಡಿದ್ದೀರಾ ನೀವು?"

ಹದಿನೆಂಟನೇ ತಾರೀಕು ಆರ್ಡರ್ ಬಂತು. ನೇಮಕದ ಆರ್ಡರನ್ನು ತರುವವರು ಮುಖ್ಯ ಕಚೇರಿಯ ಸಿಬ್ಬಂದಿ ಅಧಿಕಾರಿ. ಎಲ್ಲಿಗೆ ಹೋದರೂ ಕಂಕುಳಲ್ಲಿ ಒಂದು ಕಂದು ಲಕೋಟೆ ಇರುವುದರಿಂದ ಅವರಿಗೆ ಲಕೋಟೆ ಸಾಹೇಬರು ಅಂತಲೇ ಹೆಸರು. ಲಾಬಿಯಲ್ಲಿ ಎಲ್ಲರೂ ಸಾಲಾಗಿ ನಿಂತಿದ್ದೆವು. ನನ್ನ ಹೆಂಡತಿ ಇಸ್ತ್ರಿ ಮಾಡಿದ ಸೀರೆಯಲ್ಲಿ ಮುಂದೆ ನಿಂತಿದ್ದಳು. ಮೇಸ್ತ್ರಿ ಅವಳಿಗೆಂದೇ ಹೂವಿನ ಗುಚ್ಛ ತಂದು ಬೆನ್ನ ಹಿಂದೆ ಹಿಡಿದಿದ್ದ. ಕಾರಿನಿಂದ ಲಕೋಟೆ ಸಾಹೇಬರು ಇಳಿದರು. ಅವರ ಹಿಂದೆ ಒಬ್ಬ ತೆಳ್ಳನೆಯ, ಕುಳ್ಳನೆಯ ಯುವಕ ಇಳಿದ. ಎದೆ ಮೂವತ್ತಾರು. ತೋಳು ಇಪ್ಪತ್ತೆರಡು. ನನಗೆ ಟೇಪು ಬೇಕಾಗಲಿಲ್ಲ.

ಯಜಮಾನರ ಚಿಕ್ಕ ಮಗಳ ಮೈದುನನಂತೆ. ಇದುವರೆಗೆ ಹೋಟೆಲಿನಲ್ಲಿ ಮಲಗಿದ್ದು ಬಿಟ್ಟರೆ ಬೇರೇನೂ ಮಾಡಿದವನಲ್ಲವಂತೆ. ಲಕೋಟೆ ಸಾಹೇಬರು ಆರ್ಡರ್ ಓದಿದರು. ಕೊನೆಯಲ್ಲಿ ನನ್ನ ಹೆಂಡತಿಯ ಬಗ್ಗೆಯೂ ಎರಡು ಸಾಲು ಇತ್ತು, ಅವಳು ಕಂಪನಿಯ ಅಮೂಲ್ಯ ಆಸ್ತಿ ಅಂತ. ಬಾಯ್ಲರ್ ಕೂಡ ಕಂಪನಿಯ ಆಸ್ತಿಯೇ, ಅದಕ್ಕೂ ಈವರೆಗೆ ಬಡ್ತಿ ಸಿಕ್ಕಿಲ್ಲ. ಮೇಸ್ತ್ರಿ ಒಂದು ಕ್ಷಣವೂ ತಡವರಿಸದೆ ಬೆನ್ನ ಹಿಂದಿನ ಗುಚ್ಛವನ್ನು ತೆಗೆದು ಹೊಸ ಮ್ಯಾನೇಜರ ಕೈಗೆ ಕೊಟ್ಟ. "ತಾವು ಬರ್ತೀರಿ ಅಂತ ನನಗೆ ಮೊದಲೇ ಅನ್ನಿಸಿತ್ತು ಸಾರ್."

ಹಳಬರು ಹೊಸಬರಿಗೆ ಕೋಟು ತೊಡಿಸುವುದು ನಮ್ಮಲ್ಲಿ ಪದ್ಧತಿ. ನಾನು ಕೋಟನ್ನು ತಟ್ಟೆಯಲ್ಲಿಟ್ಟು ಅವಳ ಮುಂದೆ ಹಿಡಿದೆ. ಅವಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಅವಳು ಕೋಟು ಬಿಡಿಸಿದಳು, ಮಡಿಕೆಗಳನ್ನೂ ಎಡಗಡೆಯ ಗುಂಡಿಗಳನ್ನೂ ನೋಡಿದಳು. ಯಾರಿಗಾಗಿ ಹೊಲಿದದ್ದು ಅಂತ ಅವಳಿಗೆ ಅರ್ಥವಾಗದೆ ಇರಲಿಲ್ಲ. ಅವನ ಬೆನ್ನ ಹಿಂದೆ ಹೋಗಿ ತೊಡಿಸಿದಳು. ಅವನು ಬಲಗೈಯಿಂದ ಗುಂಡಿ ಹುಡುಕಿದ, ಸಿಗಲಿಲ್ಲ, ಎಡಗೈಯಿಂದ ಹಾಕಲು ಹೋದ, ಬರಲಿಲ್ಲ. ಅವಳೇ ಮುಂದೆ ಬಂದು, ಶಾಲೆಗೆ ಹೊರಟ ಮಗುವಿಗೆ ಹಾಕುವ ಹಾಗೆ ಮೂರೂ ಗುಂಡಿ ಹಾಕಿದಳು. ಅವನು ತನ್ನ ಎದೆಯ ಕಡೆ ಬಗ್ಗಿ ನೋಡಿಕೊಂಡ.

"ಮುಂದುಗಡೆ ಸ್ವಲ್ಪ ಜಾಗ ಜಾಸ್ತಿ ಇದ್ಯಲ್ವಾ?"

"ಬೆಳೆಯೋಕೆ ಅವಕಾಶ ಸಾರ್," ಅಂದರು ಲಕೋಟೆ ಸಾಹೇಬರು. ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ತಟ್ಟದಿದ್ದ ಕೈ ಎರಡೇ, ಅವು ನನ್ನವು, ಅದೂ ತಟ್ಟೆ ಹಿಡಿದಿದ್ದರಿಂದ.

ಕಾರ್ಯಕ್ರಮ ಮುಗಿಸಿ ಎಲ್ಲರೂ ಚದುರುವ ಹೊತ್ತಿಗೆ ಸಾಹೇಬರ ಕಣ್ಣು ಸ್ವಾಗತ ಕಟ್ಟೆಯ ಹಿಂದೆ ಬಿತ್ತು.

"ಇದೇನಿದು ಸ್ಟೂಲು? ಯಾರ ಆರ್ಡರು?"

ಹುಡುಗಿಯರು ಧಡಕ್ಕನೆ ಎದ್ದು ನಿಂತರು.

"ನನ್ನ ಆರ್ಡರು ಸಾರ್," ಅಂದಳು ನನ್ನ ಹೆಂಡತಿ.

"ಪ್ರಭಾರಿಗಳು ಬದಲಾವಣೆ ಮಾಡೋ ಹಾಗಿಲ್ಲ ಅಂತ ಹನ್ನೊಂದು ಸಲ ಬರೆದಿದ್ದೀನಲ್ಲಮ್ಮಾ?"

"ಆ ದಿನ ನಾನು ಪ್ರಭಾರಿ ಅಂದ್ಕೊಂಡಿರ್ಲಿಲ್ಲ ಸಾರ್. ಮ್ಯಾನೇಜರ್ ಆಗಿದ್ದೀನಿ ಅಂದ್ಕೊಂಡಿದ್ದೆ."

ಇಷ್ಟನ್ನು ಎಲ್ಲರೆದುರು, ಹವಾಮಾನ ಹೇಳುವವರ ಹಾಗೆ ಹೇಳಿದಳು. ಯಾರೋ ಕಿಸಕ್ಕೆಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸಾಹೇಬರಿಗೆ ಒಂದು ನಿಮಿಷ ಬೇಕಾಯಿತು, ಆಮೇಲೆ ಹೊಳೆಯಿತು. ಅವರು ಹೊಸ ಮ್ಯಾನೇಜರ ಕೋಟಿನ ಎದೆ ನೋಡಿದರು, ಗುಂಡಿ ನೋಡಿದರು, ಕೊನೆಗೆ ನನ್ನನ್ನು ನೋಡಿದರು.

ಮ್ಯಾನೇಜರರ ಕೋಣೆಯಲ್ಲಿ ನಮ್ಮಿಬ್ಬರನ್ನೂ ನಿಲ್ಲಿಸಿಕೊಂಡರು. ಹೊಸ ಮ್ಯಾನೇಜರ್ ಕುರ್ಚಿಯಲ್ಲಿ ಒಂದು ಸುತ್ತು ತಿರುಗಿ ನೋಡಿ, ತನಗೆ ತಲೆ ಸುತ್ತುತ್ತಿದೆ ಅಂತ ಹೊರಗೆ ಹೋದ. ನನ್ನ ಹೆಂಡತಿ ಜೀವಮಾನದಲ್ಲಿ ಮೊದಲ ಸಲ ಕೇಳಿದಳು.

"ಒಂದು ಮಾತು ಕೇಳ್ಬಹುದಾ ಸಾರ್? ನನಗೆ ಯಾಕೆ ಕೊಡ್ಲಿಲ್ಲ?"

ಸಾಹೇಬರು ನಿಜವಾಗಿ ಆಶ್ಚರ್ಯಪಟ್ಟರು. ಅವರ ದನಿಯಲ್ಲಿ ಕೊಂಕು ಕೂಡ ಇರಲಿಲ್ಲ. "ಅಲ್ಲಮ್ಮಾ, ನಿಮ್ಮನ್ನೇ ಮ್ಯಾನೇಜರ್ ಮಾಡಿಬಿಟ್ರೆ, ಬರೋ ಮ್ಯಾನೇಜರ್‌ಗಳಿಗೆಲ್ಲ ಕೆಲಸ ಕಲಿಸೋರು ಯಾರು? ಹಿಂದಿನ ಮೂರೂ ಜನಾನ ನೀವೇ ತಾನೇ ತಯಾರು ಮಾಡಿದ್ದು? ಈ ಹುಡುಗನ್ನ ನಿಮ್ಮನ್ನ ನಂಬಿಯೇ ಇಲ್ಲಿಗೆ ಹಾಕಿರೋದು."



ಇನ್ನು ನನ್ನ ವಿಚಾರಣೆ. ಅದಕ್ಕೆ ಐದು ನಿಮಿಷವೂ ಹಿಡಿಯಲಿಲ್ಲ. ಚೀಟಿಯ ಗುಟ್ಟು ಬಿಟ್ಟುಕೊಟ್ಟದ್ದು ನಾನೇ ಅಂತ ಒಪ್ಪಿಕೊಂಡೆ. ಸಾಹೇಬರು ಟೈಪಿಸ್ಟನ್ನು ಕರೆಸಿ ಅಲ್ಲೇ ವರ್ಗಾವಣೆಯ ಆರ್ಡರ್ ಹೇಳಿ ಬರೆಸಿದರು. ಹನ್ನೊಂದನೇ ಹೋಟೆಲಿಗೆ. ಅಲ್ಲಿಗೆ ಹೋಗಲು ಒಂದೂವರೆ ದಿನ ಬೇಕು. ಹತ್ತಿರದಲ್ಲೆಲ್ಲೋ ಬಸ್ಸು ಕೆಟ್ಟು ನಿಂತರೆ ಮಾತ್ರ ಅಲ್ಲಿ ಅತಿಥಿಗಳು ಕಾಣಿಸುತ್ತಾರೆ. ಹೊಲಿಗೆ ಮೆಷಿನ್ ಅಲ್ಲಿ ಇಲ್ಲವೇ ಇಲ್ಲ. ದರ್ಜಿಗೆ ಅಲ್ಲೇನು ಕೆಲಸ ಅಂತ ನಾನು ಕೇಳಲಿಲ್ಲ, ಕೆಲಸವಿಲ್ಲದಿರುವುದೇ ಅಲ್ಲಿಯ ಶಿಕ್ಷೆ. ಅವಳು ಇಲ್ಲಿ, ನಾನು ಅಲ್ಲಿ. ಮಕ್ಕಳಿಲ್ಲದ ಮನೆ ನಮ್ಮದು. ಒಬ್ಬರಿಗೊಬ್ಬರು ಬಿಟ್ಟರೆ ಮಾತಾಡಲು ಯಾರೂ ಇಲ್ಲ.

"ಇಲ್ಲಿ ಸಹಿ ಹಾಕಿ ಅಮ್ಮಾ," ಅಂತ ಸಾಹೇಬರು ಕಾಗದವನ್ನು ಅವಳ ಕಡೆ ತಳ್ಳಿದರು.

"ನಾನಾ?"

"ನೌಕರನ ವರ್ಗಕ್ಕೆ ಆ ಹೋಟೆಲಿನವರದೇ ಸಹಿ ಆಗ್ಬೇಕು. ಹೊಸಬ್ರು ಚಾರ್ಜು ತಗೊಳ್ಳೋದು ನಾಲ್ಕು ಗಂಟೆಗೆ. ಈಗ ಮೂರೂವರೆ. ಅಲ್ಲೀವರೆಗೆ ಇಲ್ಲಿ ಪ್ರಭಾರಿ ನೀವೇ. ತಪ್ಪು ಆಗಿದ್ದೂ ನಿಮ್ಮ ಕಾಲದಲ್ಲೇ."

ಅವಳು ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಸಹಿ ಹಾಕುತ್ತಾಳೆ ಅಂತ ನನಗೆ ಗೊತ್ತಿತ್ತು. ಗಂಡ ಅಂತ ನಿಯಮ ಬಗ್ಗಿಸುವವಳಲ್ಲ ಅವಳು. ಹಿಂದೊಮ್ಮೆ ನಾನು ಹಲ್ಲುನೋವಿಗೆ ಹೇಳದೆ ಮನೆಗೆ ಹೋದಾಗ ಅರ್ಧ ದಿನದ ರಜೆ ಕತ್ತರಿಸಿದ್ದಳು, ಮನೆಗೆ ಬಂದು ಲವಂಗ ಕೊಟ್ಟಿದ್ದಳು. ಪೆನ್ನಿನ ಮುಚ್ಚಳ ತೆಗೆದಳು. ಕಾಗದದ ಕೆಳಗೆ ಎಂದಿನಂತೆ ಅವಳ ಹೆಸರು, ಅದರ ಕೆಳಗೆ 'ಪ್ರಭಾರಿ ಮ್ಯಾನೇಜರ್'. ಅವಳು 'ಪ್ರಭಾರಿ' ಎನ್ನುವ ಪದದ ಮೇಲೆ ಒಂದು ಗೆರೆ ಎಳೆದಳು. ನೆಟ್ಟಗಿನ ಗೆರೆ. ಆಮೇಲೆ ಸಹಿ ಹಾಕಿದಳು. ಸಾಹೇಬರಿಗೆ ರೈಲಿನ ಆತುರ. ಶಾಯಿ ಆರುವ ಮೊದಲೇ ಕಾಗದವನ್ನು ಎಳೆದುಕೊಂಡು ಲಕೋಟೆಗೆ ತುರುಕಿ ಹೊರಟುಹೋದರು.

ಸ್ಟೂಲುಗಳ ಕಥೆಯನ್ನೂ ಹೇಳಿಬಿಡುತ್ತೇನೆ. ಅವನ್ನು ತೆಗೆಸಿ ಅಂತ ಹೇಳಿಯೇ ಸಾಹೇಬರು ಹೋಗಿದ್ದರು. ಸಂಜೆ ಹೊಸ ಮ್ಯಾನೇಜರ್ ಸ್ವಾಗತ ಕಟ್ಟೆಯ ಹಿಂದೆ ನಿಂತು ಕೆಲಸ ನೋಡಲು ಬಂದ, ಹತ್ತು ನಿಮಿಷ ನಿಂತ, ಕಾಲು ಬದಲಿಸಿದ, ಸ್ಟೂಲಿನ ಮೇಲೆ ಕೂತ. ಸ್ಟೂಲುಗಳು ಅಲ್ಲೇ ಉಳಿದವು. ಹುಡುಗಿಯರ ಕಾಲಿಗೆ ಹದಿನಾಲ್ಕು ತಿಂಗಳಲ್ಲಿ ಸಿಗದ ನ್ಯಾಯ ಮ್ಯಾನೇಜರ ಕಾಲಿಗೆ ಹತ್ತೇ ನಿಮಿಷದಲ್ಲಿ ಸಿಕ್ಕಿತು.

ಆರು ದಿನ ಬಿಟ್ಟು ಮುಖ್ಯ ಕಚೇರಿಯಿಂದ ಪತ್ರ ಬಂತು. ದರ್ಜಿಯ ವರ್ಗಾವಣೆಗೆ 'ಮ್ಯಾನೇಜರ್' ಅಂತ ಸಹಿಯಿದೆ. ಆ ದಿನಾಂಕದಲ್ಲಿ, ಆ ಹೊತ್ತಿನಲ್ಲಿ, ಆ ಹೋಟೆಲಿಗೆ ಮ್ಯಾನೇಜರ್ ಯಾರೂ ಇರಲಿಲ್ಲ. ಸ್ಪಷ್ಟೀಕರಣ ಕೊಡಿ. ಸಹಿ ಸರಿ ಅಂದರೆ, ಅವಳು ಹದಿನೆಂಟನೇ ತಾರೀಕು, ಐವತ್ತೈದು ತುಂಬುವ ಮೊದಲೇ, ಮ್ಯಾನೇಜರ್ ಆಗಿದ್ದಳು ಅಂತ ಕಂಪನಿ ಒಪ್ಪಿಕೊಂಡಂತೆ. ಸಹಿ ತಪ್ಪು ಅಂದರೆ ನನ್ನ ವರ್ಗಾವಣೆಯೇ ರದ್ದು. ಹೊಸದಾಗಿ ಆರ್ಡರ್ ಮಾಡೋಣವೆಂದರೆ, ಒಂದೇ ತಪ್ಪಿಗೆ ಎರಡು ಆರ್ಡರ್ ಇರಕೂಡದು ಅಂತ ಹಿರಿಯ ಯಜಮಾನರ ಕಾಲದ್ದೇ ಇನ್ನೊಂದು ನಿಯಮ. ಅತ್ತ ದರಿ, ಇತ್ತ ಪುಲಿ. ಹೊಸ ಮ್ಯಾನೇಜರ್ ಪತ್ರ ಹಿಡಿದುಕೊಂಡು ನನ್ನ ಹೆಂಡತಿಯ ಹತ್ತಿರವೇ ಬಂದ.

"ಇದಕ್ಕೆ ಏನು ಬರೀಬೇಕು?"

"ಪರಿಶೀಲನೆಯಲ್ಲಿದೆ ಅಂತ ಬರೀರಿ," ಅಂದಳು ಅವಳು, ದಿಂಬಿನ ಚೀಲ ಎಣಿಸುತ್ತ.

ಅವನು ಹಾಗೇ ಬರೆದ. ಅದನ್ನು ನೋಡಲು ಅಲ್ಲಿ ಒಂದು ಸಮಿತಿಯಾಯಿತು. ಸಮಿತಿಯ ಅಧ್ಯಕ್ಷರಿಗೆ ವರ್ಗವಾಯಿತು. ಇನ್ನೊಬ್ಬರು ಬಂದು ಮೊದಲಿನಿಂದ ಶುರು ಮಾಡಿದರು. ನಾನು ಇವತ್ತಿಗೂ ಇದೇ ನೆಲಮಾಳಿಗೆಯಲ್ಲಿ ಕೂತು ಮೆಷಿನ್ ತುಳಿಯುತ್ತಿದ್ದೇನೆ, ಪರಿಶೀಲನೆಯಲ್ಲಿ.

ಆ ತಿಂಗಳ ಮೂವತ್ತರ ಸಂಜೆ ಅವಳಿಗೆ ಐವತ್ತೈದು ತುಂಬಿತು. ಆವತ್ತಿನವರೆಗೆ ಕೋಟಿನ 'ಕೋ' ಕೂಡ ನಾವಿಬ್ಬರೂ ಎತ್ತಿರಲಿಲ್ಲ. ಅಡಿಗೆಮನೆಯಲ್ಲಿ ಅವಳು ಪಾತ್ರೆ ತೊಳೆಯುತ್ತಿದ್ದಳು, ನಾನು ಒರೆಸಿಡುತ್ತಿದ್ದೆ. ಎಷ್ಟು ದಿನ ಅಂತ ನುಂಗಿಕೊಳ್ಳುವುದು, ಕೇಳಿದೆ.

"ಆ ಗೆರೆ ಎಳೆದಿದ್ದು ನನ್ನನ್ನ ಉಳಿಸೋಕೆ ತಾನೇ?"

"ನಿಮ್ಮನ್ನ ಉಳಿಸೋಕಾ?" ಅವಳು ನನ್ನ ಕಡೆ ತಿರುಗಲಿಲ್ಲ. "ನೀವು ಮಾಡಿದ್ದು ತಪ್ಪು ರೀ. ಹದಿನಾಲ್ಕು ತಿಂಗಳು ನಾನು ಆಸೆ ಪಟ್ಟೋಳಲ್ಲ. ನೀವು ಬಂದು ಹೇಳಿದ್ಮೇಲೆ ಒಂಬತ್ತು ದಿನ ಪಟ್ಟೆ. ಆ ಆರ್ಡರಿಗೆ ಸಹಿ ಹಾಕೋದು ನ್ಯಾಯವಾಗೇ ಇತ್ತು, ಹಾಕ್ದೆ."

ಕ್ಷಮಿಸು ಅನ್ನಬೇಕೆಂದುಕೊಂಡೆ, ಬಾಯಿಗೆ ಬಂದದ್ದು ಬೇರೆ.

"ಮತ್ತೆ ಆ ಪದ ಯಾಕೆ ಹೊಡೆದೆ?"

ಅವಳು ನಲ್ಲಿ ನಿಲ್ಲಿಸಿದಳು. ಸೆರಗಿಗೆ ಕೈ ಒರೆಸಿಕೊಂಡಳು.

"ಅದು ನಾನು ಆ ಮೇಜಲ್ಲಿ ಹಾಕೋ ಕೊನೇ ಸಹಿ ಅಂತ ಗೊತ್ತಿತ್ತಲ್ಲ. ಆ ಪದ ಇಲ್ದೆ ನನ್ನ ಹೆಸರು ಹೇಗೆ ಕಾಣುತ್ತೆ ಅಂತ ಒಂದೇ ಒಂದ್ಸಲ ನೋಡ್ಬೇಕು ಅನ್ನಿಸ್ತು."

"ಹೇಗಿತ್ತು?"

"ಸಾಹೇಬ್ರು ಬೇಗ ಎಳ್ಕೊಂಡ್ಬಿಟ್ರು," ಅಂದಳು. "ಸರಿಯಾಗಿ ನೋಡೋಕಾಗ್ಲಿಲ್ಲ."